ಐವತ್ತೊಂದನೇ ಪುಟದ ಅಂಚು

ಒಂಬತ್ತನೇ ಕಂತು

"ಆ ಬೀರು ತೆಗೆಯೋಕೆ ಆಗಲ್ಲಮ್ಮ," ಎಂದು ಮೇಷ್ಟ್ರು ಮೂರನೇ ಸಲ ಹೇಳಿದರು.

"ಅದರೊಳಗೆ ಇರೋದು ನಾನೇ ಬರೆದಿದ್ದು ಸಾರ್."

"ಬರೆಯೋ ತನಕ ನಿಮ್ಮದು. ಮಾರ್ಕ್ಸು ಬಿದ್ದ ಮೇಲೆ ಅದು ಗೌಪ್ಯ ದಾಖಲೆ. ಬರೆದವರಿಗೂ ತೋರಿಸೋ ಹಾಗಿಲ್ಲ."

ನೀರಕ್ಕ ನಿಂತೇ ಇದ್ದಳು. ಎದುರಿಗೆ ಕುರ್ಚಿ ಇತ್ತು, ಕೂತ್ಕೊಳ್ಳಿ ಎಂದು ಅವರೂ ಹೇಳಿದ್ದರು. ಕೂತರೆ ಮತ್ತೆ ಏಳಲು ಆಗುವುದಿಲ್ಲವೇನೋ ಎಂಬ ಭಯ ಅವಳಿಗೆ. ಗೋಡೆಯ ಗಡಿಯಾರದಲ್ಲಿ ಮೂರೂ ಐವತ್ತು.

ನಾಳೆ ಹನ್ನೊಂದು ಗಂಟೆಗೆ ಅವಳ ಭಾವನನ್ನು ನ್ಯಾಯಾಲಯಕ್ಕೆ ಕರೆದೊಯ್ಯುತ್ತಾರೆ. ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ನಾಲ್ವರನ್ನು ನೀರಿನಿಂದ ಕೊಂದ ಆರೋಪ.

ನೀರಕ್ಕ ಎನ್ನುವುದು ತರಗತಿಯವರು ಇಟ್ಟ ಹೆಸರು. ಅದು ಸಂಜೆಯ ತರಗತಿ. ಬರುತ್ತಿದ್ದವರೆಲ್ಲ ಹಗಲು ಎಲ್ಲೋ ದುಡಿಯುವವರು. ವಿದ್ಯುತ್ ಇಲಾಖೆಯವನು ಕರೆಂಟಣ್ಣ, ರೈಲ್ವೆ ಸಿಗ್ನಲ್ ನೋಡಿಕೊಳ್ಳುವವನು ರೈಲಪ್ಪ, ನೀರು ಶುದ್ಧೀಕರಣ ಘಟಕದಲ್ಲಿ ನಿರ್ವಾಹಕಿಯಾಗಿದ್ದ ಇವಳು ನೀರಕ್ಕ. ಕೋರ್ಸಿನ ಹೆಸರು 'ಅತ್ಯಗತ್ಯ ಮೂಲಸೌಕರ್ಯಗಳ ರಕ್ಷಣೆ', ಎರಡು ವರ್ಷದ ಸ್ನಾತಕೋತ್ತರ ಪದವಿ. ಇಷ್ಟುದ್ದದ ಹೆಸರು ನಮ್ಮ ಪ್ಲಾಟ್‌ಫಾರಂ ಬೋರ್ಡಿನಲ್ಲೂ ಹಿಡಿಸುವುದಿಲ್ಲ ಎಂದು ರೈಲಪ್ಪ ನಗುತ್ತಿದ್ದ.

ಯಾವುದು ಒಂದು ದಿನ ನಿಂತರೆ ಊರು ಉಸಿರು ಕಟ್ಟುತ್ತದೋ ಅದನ್ನೆಲ್ಲ ಕಾಯುವುದು ಹೇಗೆ ಎಂಬುದೇ ಅಲ್ಲಿಯ ಪಾಠ. ನೀರು, ವಿದ್ಯುತ್ತು, ರೈಲು, ಫೋನು. ಕಾಯಬೇಕಾದರೆ ಮೊದಲು ತೂತು ಎಲ್ಲಿದೆ ಎಂದು ತಿಳಿಯಬೇಕು. ನಿಮ್ಮ ಕೆಲಸದ ಜಾಗವನ್ನು ಕಳ್ಳನ ಕಣ್ಣಲ್ಲಿ ನೋಡಿ, ಏನನ್ನೂ ಮುಚ್ಚಿಡದೆ ಬರೆಯಿರಿ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು.

ನೀರಕ್ಕ ತನ್ನ ಘಟಕದ ಬಗ್ಗೆ ಒಂದು ಅಧ್ಯಯನವನ್ನೇ ಮುಚ್ಚಿಡದೆ ಬರೆದಿದ್ದಳು. ತರಗತಿಗೇ ಹೆಚ್ಚು ಅಂಕ ಅವಳಿಗೆ ಬಂದಿತ್ತು.

ಘಟಕದಲ್ಲಿ ಮೂರು ದೊಡ್ಡ ತೊಟ್ಟಿಗಳು. ವರ್ಷಕ್ಕೊಮ್ಮೆ ಒಂದೊಂದನ್ನೂ ಖಾಲಿ ಮಾಡಿ, ಉಜ್ಜಿ ತೊಳೆದು, ಕಡು ಕ್ಲೋರಿನ್ ಬೆರೆಸಿದ ನೀರು ತುಂಬಿ ಒಂದು ದಿನ ಹಾಗೇ ಬಿಡುತ್ತಾರೆ. ಕೆಲಸದವರ ಬಾಯಲ್ಲಿ ಅದು 'ಔಷಧಿ ಸ್ನಾನ'. ಆ ನೀರು ಊರಿಗೆ ಹೋಗುವಂತಿಲ್ಲ. ಅದಕ್ಕೇ ಊರಿನ ಕಡೆಯ ವಾಲ್ವಿನ ಚಕ್ರಕ್ಕೆ ಸರಪಳಿ ಸುತ್ತಿ, ಸ್ನಾನ ಮಾಡಿಸಿದ ನಿರ್ವಾಹಕ ತನ್ನ ಸ್ವಂತ ಬೀಗ ಜಡಿಯುತ್ತಾನೆ. ಕೀಲಿ ಅವನ ಹತ್ತಿರವೇ ಇರಬೇಕು. ಇದು ಗೋಡೆಗೆ ಅಂಟಿಸಿದ ನಿಯಮ.

ಆದರೆ ಪಾಳಿ ಮುಗಿಸಿದವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರೆ, ಮುಂದಿನ ಪಾಳಿಯವರು ಕೈ ಕಟ್ಟಿ ಕೂರಬೇಕು. ಒಮ್ಮೆ ಒಬ್ಬನನ್ನು ಮಗಳ ಶಾಲೆಯ ಸಭೆಯಿಂದ ಎಬ್ಬಿಸಿಕೊಂಡು ಬರಬೇಕಾಯಿತು. ಆಮೇಲಿಂದ ಯಾರೂ ಯಾರಿಗೂ ಹೇಳದೆಯೇ ಕೀಲಿಗಳೆಲ್ಲ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಳಗೆ, ಹತ್ತಿಯ ಸುರುಳಿಯ ಹಿಂದೆ ಸೇರತೊಡಗಿದವು.

ನಾಲ್ವರು ಸತ್ತ ದಿನ ಎರಡನೇ ತೊಟ್ಟಿಗೆ ಬೆಳಿಗ್ಗೆ ಆರಕ್ಕೆ ಬೀಗ ಹಾಕಿದ್ದು ಅದೇ ಘಟಕದಲ್ಲಿ ನಿರ್ವಾಹಕನಾಗಿದ್ದ ಭಾವ. ಎರಡು ಗಂಟೆಗೆ ಪಾಳಿ ಮುಗಿಸಿ ಮನೆಗೆ ಹೋದದ್ದನ್ನು ಗೇಟಿನವನು ನೋಡಿದ್ದಾನೆ. ಮೂರೂ ಇಪ್ಪತ್ತಕ್ಕೆ ಯಾರೋ ಚಕ್ರ ತಿರುಗಿಸಿದ್ದು ಮಾಪಕದ ನಕ್ಷೆಯಲ್ಲಿ ಗೆರೆಯಾಗಿ ಬಿದ್ದಿದೆ. ಬೀಗ ಒಡೆದಿರಲಿಲ್ಲ. ಕೀಲಿಯಿಂದ ತೆಗೆದು, ನೀರು ಬಿಟ್ಟು, ನಿಲ್ಲಿಸಿ, ಮತ್ತೆ ಅದೇ ಬೀಗ ಹಾಕಿ ಹೋಗಿದ್ದರು.

ಕುಡಿಯುವವರಿಗಾದರೆ ವಾಸನೆ ಹತ್ತುತ್ತದೆ, ಉಗುಳುತ್ತಾರೆ. ಅದೇ ನೀರನ್ನು ಬಳಸುವ ಡಯಾಲಿಸಿಸ್ ಯಂತ್ರಕ್ಕೆ ಮೂಗಿಲ್ಲ. ರಕ್ತ ಶುದ್ಧಿಗೆಂದು ಕೈ ಚಾಚಿ ಮಲಗಿದ್ದ ನಾಲ್ವರು ಸಂಜೆಯೊಳಗೆ ಹೋದರು.

ಕೀಲಿ ಎಲ್ಲಿತ್ತು ಎಂದು ಕೇಳಿದರೆ ಭಾವ ಬಾಯಿ ಬಿಡಲಿಲ್ಲ. ನಾಲ್ಕು ದಿನದಿಂದ ಯಾವುದಕ್ಕೂ ಬಿಟ್ಟಿಲ್ಲ. ಉಳಿದ ಕೆಲಸದವರು, ಕೀಲಿ ಅವರವರ ಹತ್ತಿರಾನೇ ಇರುತ್ತೆ ಸಾರ್ ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಎಲ್ಲರಿಗೂ ಹೊಟ್ಟೆಪಾಡಿನ ಭಯ. ಘಟಕದ ದೊಡ್ಡ ಇಂಜಿನಿಯರು ಅದನ್ನೇ ಕಚೇರಿಯ ಮೊಹರು ಒತ್ತಿ ಬರೆದುಕೊಟ್ಟರು. ತನಿಖೆಯ ಸಾಹೇಬರು ಪೆಟ್ಟಿಗೆ ತೆಗೆಸಿ ನೋಡಿದಾಗ ಅದರಲ್ಲಿದ್ದದ್ದು ಹತ್ತಿ, ಒಂದು ಕತ್ತರಿ, ಅವಧಿ ಮುಗಿದ ಮುಲಾಮು.

ಈ ಸಾಹೇಬರಿಗೆ ನೀರಕ್ಕ ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ನೆಗಡಿ ಸಾಹೇಬರು. ನಾಲ್ಕು ದಿನದಿಂದ ಅವರ ಮೂಗಿಗೂ ಕರವಸ್ತ್ರಕ್ಕೂ ಬಿಡುವಿಲ್ಲ. ಅವಳು ಹತ್ತಿಯ ಹಿಂದಿನ ಕೀಲಿಯ ಕಥೆ ಹೇಳಿದಾಗ ಅವರು ಕೇಳಿಸಿಕೊಂಡರು, ಸೀನಿದರು, ನೀವು ಅವರ ಹೆಂಡತಿಯ ತಂಗಿ, ನಿಮ್ಮ ಬಾಯಿಮಾತಿಗೆ ಬೆಲೆ ಬರುವುದಿಲ್ಲ ಎಂದರು. ಈ ಘಟನೆಗೆ ಮುಂಚೆ ಎಲ್ಲಾದರೂ ಬರೆದದ್ದಿದ್ದರೆ ತೋರಿಸಿ, ಯಾರು ಬೇಕಾದರೂ ಕೀಲಿ ತೆಗೆಯಬಹುದಿತ್ತು ಎಂದು ನಾನೇ ನ್ಯಾಯಾಧೀಶರಿಗೆ ಹೇಳುತ್ತೇನೆ ಎಂದರು.

ಬರೆದದ್ದು ಇತ್ತು. ಒಂದು ವರ್ಷದ ಹಿಂದೆ ಅವಳೇ ಬರೆದಿದ್ದಳು. ಐವತ್ತೊಂದನೇ ಪುಟದಲ್ಲಿ.

ಬರೆದಿದ್ದಳೇ? ನಿನ್ನೆಯಿಂದ ಅದೇ ಹುಳ ಕೊರೆಯುತ್ತಿತ್ತು. ಜೊತೆಯವರ ಗುಟ್ಟು ಬಯಲು ಮಾಡುತ್ತಿದ್ದೇನಲ್ಲ ಎಂಬ ನಾಚಿಕೆಗೆ ಆ ಪುಟವನ್ನು ಮೂರು ಸಲ ತಿದ್ದಿದ್ದಳು. ಒಂದರಲ್ಲಿ ಪೆಟ್ಟಿಗೆಯ ಮಾತಿತ್ತು, ಒಂದರಲ್ಲಿ 'ಸಾಮಾನ್ಯ ಸ್ಥಳ' ಎಂದಷ್ಟೇ ಇತ್ತು. ಕೊನೆಗೆ ಒಪ್ಪಿಸಿದ್ದು ಯಾವುದು? ಕರಡನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಸಾಹೇಬರು ಪುಸ್ತಕ ವಶಕ್ಕೆ ಪಡೆಯಲು ಬರುವ ಮುಂಚೆ ಒಂದು ಸಲ ಕಣ್ಣಾರೆ ನೋಡಬೇಕೆಂದೇ ಓಡಿ ಬಂದಿದ್ದಳು.

ಮನೆಯಿಂದ ಹೊರಡುವಾಗ ಅಕ್ಕ ಭಾವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನಾಳೆ ನ್ಯಾಯಾಲಯಕ್ಕೆ ಬೇಕಲ್ಲ. ಒಂದೇ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಹೋಗುತ್ತಿತ್ತು, ಬರುತ್ತಿತ್ತು.

"ಎರಡು ವರ್ಷ ನಿನ್ನ ಸಂಜೆ ಪಾಳಿನೆಲ್ಲ ಅವರು ಮಾಡಿದ್ರು," ಎಂದಿದ್ದಳು ಅಕ್ಕ, ತಲೆ ಎತ್ತದೆ. "ನೀನು ಓದಿದ್ದು ಇದಕ್ಕೇನೇ?"

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಸಾರ್, ನಾನು ಬರೆದಿದ್ದನ್ನ ಯಾರ್ಯಾರು ಓದಿದಾರೆ?" ನೀರಕ್ಕ ಈಗ ಮೇಜಿಗೆ ಕೈಯೂರಿ ಕೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅಧ್ಯಯನದ ಮೂರು ಪ್ರತಿಗಳಾಗಿದ್ದವು ಎಂದರು. ಒಂದನ್ನು ಅವರೇ ಓದಿ ಅಂಕ ಹಾಕಿದ ಮೇಲೆ ಹರಿದು ಹಾಕಿದರು. ಇನ್ನೊಂದು ಹೊರಗಿನ ಪರೀಕ್ಷಕರಿಗೆ ಹೋಯಿತು, ಅದೂ ವಾಪಸು ಬಂದು ಚೂರಾಯಿತು. ಮೂರನೆಯದು ಘಟಕಕ್ಕೇ ಹೋಯಿತು. ತೂತು ಹುಡುಕಿದ ಮೇಲೆ ಮನೆಯ ಯಜಮಾನನಿಗೆ ಹೇಳದಿರುವುದು ತಪ್ಪಲ್ಲವೇ. ಅದು ಈ ಕೋರ್ಸಿನ ಪದ್ಧತಿ. ದೊಡ್ಡ ಇಂಜಿನಿಯರು ಒಂದು ತಿಂಗಳು ಇಟ್ಟುಕೊಂಡು ವಾಪಸು ಕಳಿಸಿದರು. ಆಗಿನಿಂದ, ಅಂದರೆ ಹನ್ನೊಂದು ತಿಂಗಳಿಂದ, ಅದು ಈ ಬೀರುವಿನಲ್ಲಿದೆ. ಬೀರುವಿನ ಕೀಲಿ ತನ್ನ ಜೇಬು ಬಿಟ್ಟು ಎಲ್ಲಿಗೂ ಹೋಗಿಲ್ಲ. ತೆಗೆದು ಓದಿದವರು ಸಹಿ ಹಾಕುವ ಪುಸ್ತಕ ಇಲ್ಲೇ ಇದೆ, ನೋಡಿಕೊಳ್ಳಿ.

ನೋಡಿದಳು. ಅವಳ ಅಧ್ಯಯನದ ಹೆಸರಿನ ಮುಂದೆ ಒಂದು ಸಹಿಯೂ ಇರಲಿಲ್ಲ.

"ಹಾಗಾದ್ರೆ ದೊಡ್ಡ ಇಂಜಿನಿಯರಿಗೆ ಕೀಲಿ ಎಲ್ಲಿರುತ್ತೆ ಅಂತ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಪೊಲೀಸರಿಗೆ ಹಾಗೆ ಬರೆದುಕೊಟ್ರು."

ಮೇಷ್ಟ್ರು ಸಹಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

"ನಿಮಗೂ ಗೊತ್ತಿತ್ತಲ್ಲ ಸಾರ್. ನಾಲ್ಕು ದಿನದಿಂದ."

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಸೈಕಲ್ ನಿಲ್ದಾಣದಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ ಸದ್ದು. ಈ ಕೋರ್ಸನ್ನು ಕಟ್ಟಲು ಹದಿನಾಲ್ಕು ವರ್ಷ ಹಿಡಿಯಿತು ಎಂದರು. ಕಾಯುವುದನ್ನು ಕಲಿಸುವ ಜಾಗದಿಂದಲೇ ಕೊಲ್ಲುವ ದಾರಿ ಹೊರಗೆ ಹೋಯಿತು ಎಂದಾದರೆ ನಾಳೆಯೇ ಬಾಗಿಲು ಹಾಕುತ್ತಾರೆ, ಮತ್ತೆ ಯಾವ ನಿರ್ವಾಹಕನೂ ತನ್ನ ಜಾಗದ ತೂತನ್ನು ನಿಜವಾಗಿ ಬರೆಯುವುದಿಲ್ಲ ಎಂದರು. ಮಾತು ಸರಿಯಾಗಿಯೇ ಇತ್ತು. ಅದರಿಂದಲೇ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಯಾರೋ ತನ್ನ ಪುಟವನ್ನು ಓದಿಕೊಂಡೇ ಹೋಗಿ ಹತ್ತಿ ಸರಿಸಿದ್ದರೆ? ಆ ನಾಲ್ವರ ಸಾವಿಗೆ ದಾರಿ ಬರೆದುಕೊಟ್ಟವಳು ತಾನು. ಅಂದವಾಗಿ, ಅಡಿಟಿಪ್ಪಣಿ ಸಮೇತ.

"ನಾಲ್ಕೂವರೆಗೆ ಸಾಹೇಬರು ಆದೇಶ ಹಿಡ್ಕೊಂಡು ಬರ್ತಾ ಇದಾರೆ ಸಾರ್," ಎಂದಳು. "ನೀವು ತೆಗೀದಿದ್ರೆ ಅವರು ತೆಗೆಸ್ತಾರೆ."

ಮೇಷ್ಟ್ರು ಗಡಿಯಾರ ನೋಡಿದರು. ನಾಲ್ಕೂ ಹನ್ನೆರಡು. ಜೇಬಿನಿಂದ ಕೀಲಿ ತೆಗೆದರು.

ಹಸಿರು ರಟ್ಟಿನ ಪುಸ್ತಕ. ಮೇಲೆ 'ಪ್ರತಿ ೩' ಎಂದು ಮುದ್ರೆ. ಮೇಷ್ಟ್ರು ಅದನ್ನು ಮೇಜಿನ ಮೇಲಿಟ್ಟು, ಹುಡುಕದೆ ತಡಕದೆ ಒಂದೇ ಸಲಕ್ಕೆ ಐವತ್ತೊಂದನೇ ಪುಟ ಬಿಡಿಸಿದರು.

'...ಕೀಲಿಗಳನ್ನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ, ಹತ್ತಿಯ ಸುರುಳಿಯ ಹಿಂದೆ ಇಡುವ ರೂಢಿ ಇದೆ. ಇದು ಘಟಕದ ಎಲ್ಲರಿಗೂ ತಿಳಿದಿದೆ.'

ಇತ್ತು. ಬರೆದಿದ್ದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಉಸಿರು ಹೊಟ್ಟೆಯ ತನಕ ಇಳಿಯಿತು. ಕುರ್ಚಿ ಎಳೆದು ಕೂತಳು.

ಆಮೇಲೆ ಅಂಚು ಕಣ್ಣಿಗೆ ಬಿತ್ತು.

ಅದೇ ಪುಟದ ಕೆಳಭಾಗದಲ್ಲಿ ಅವಳ ಒಂದು ಲೆಕ್ಕಾಚಾರವಿತ್ತು. ಔಷಧಿ ಸ್ನಾನದ ನೀರು ತಪ್ಪಿ ಹೊರಟರೂ ಮೊದಲ ಮನೆ ಮುಟ್ಟಲು ಒಂದು ಗಂಟೆ ಬೇಕು, ಅಷ್ಟರಲ್ಲಿ ತಡೆಯಬಹುದು ಎಂದು ನಕ್ಷೆ ನೋಡಿ ಬರೆದಿದ್ದಳು. ಆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರಗಳು.

'ತಪ್ಪು. ಎರಡನೇ ತೊಟ್ಟಿಯಿಂದ ಆಸ್ಪತ್ರೆಗೆ ನೇರ ಲೈನು ಇದೆ, ನಕ್ಷೆಯಲ್ಲಿಲ್ಲ. ಹನ್ನೆರಡೇ ನಿಮಿಷ.'

ಆ ಅಕ್ಷರ ಯಾರದೆಂದು ಯೋಚಿಸಬೇಕಾಗಿರಲಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ಪಾಳಿಯ ಮೊದಲಿಗೆ ಘಟಕದ ದಿನಚರಿ ಪುಸ್ತಕದಲ್ಲಿ ಅದನ್ನೇ ಓದಿದ್ದಾಳೆ. ಆಸ್ಪತ್ರೆಯ ಲೈನನ್ನು ಹೂಳುವಾಗ ಮಣ್ಣಿಗಿಳಿದು ನಿಂತವನೂ ಭಾವನೇ.

ಕೆಳಗೆ ತಾರೀಖು, ಗಂಟೆ. ದಿನಚರಿ ಬರೆದು ಬರೆದು ಹತ್ತಿದ ಚಟ ಅದು. ಮನೆಗೆ ತರಬೇಕಾದ ಸಾಮಾನಿನ ಚೀಟಿಗೂ ಭಾವ ಗಂಟೆ, ನಿಮಿಷ ಹಾಕುತ್ತಾನೆಂದು ಅಕ್ಕ ನಗುತ್ತಿದ್ದಳು. ಗಂಟೆಯ ಕೆಳಗೆ ಇನ್ನೆರಡು ಅಕ್ಷರ, ಸಹಿಯಂಥದ್ದು. ನೀರಕ್ಕನ ಕಣ್ಣು ಅಲ್ಲಿಗೆ ಇಳಿಯಲಿಲ್ಲ. ತಾರೀಖಿನ ಮೇಲೇ ನಿಂತುಬಿಟ್ಟಿತು.

ಮೂರು ವಾರದ ಹಿಂದಿನ ತಾರೀಖು.

"ಹನ್ನೊಂದು ತಿಂಗಳಿಂದ ಈ ಬೀರುವಿನಲ್ಲೇ ಇದೆ ಅಂದ್ರಲ್ಲ ಸಾರ್."

ಮೇಷ್ಟ್ರು ಬಗ್ಗಿ ನೋಡಿದರು. ಇದು ಹೇಗೆ ಬಂತೋ ತನಗೆ ತಿಳಿಯದು ಎಂದರು. ಒಂದು ಸಲ ಹೇಳಿದರು, ಯಾರೂ ಕೇಳದಿದ್ದರೂ ಇನ್ನೊಂದು ಸಲ ಹೇಳಿದರು.

ನೀರಕ್ಕನಿಗೆ ಅವರ ಮಾತು ದೂರದಿಂದ ಬಂದಂತೆ ಕೇಳುತ್ತಿತ್ತು. ಒಂದೇ ಹಾಳೆ. ಮೇಲಿನ ಅರ್ಧ ಭಾವನನ್ನು ಬಿಡಿಸುತ್ತದೆ. ಕೆಳಗಿನ ಅರ್ಧ ಅವನ ಕೊರಳಿಗೆ ಬೀಳುತ್ತದೆ. ಎರಡನೇ ತೊಟ್ಟಿ, ಆಸ್ಪತ್ರೆ, ಹನ್ನೆರಡು ನಿಮಿಷ. ಕೊಲೆಗೆ ಮೂರು ವಾರ ಮುಂಚೆ ಆರೋಪಿಯದೇ ಕೈಬರಹ. ಇದನ್ನು ಓದಿದ ಮೇಲೆ ಹತ್ತಿಯ ಹಿಂದಿನ ಕೀಲಿಯ ಮಾತು ಯಾರಿಗೆ ಬೇಕು?

ಅದಕ್ಕಿಂತ ಕೆಟ್ಟ ಯೋಚನೆಯೊಂದು ಅದರ ಹಿಂದೆಯೇ ಬಂದು ನಿಂತಿತು. ಭಾವ ಏಕೆ ಬರೆದ? ಯಾರಿಗಾಗಿ? ನಾಲ್ಕು ದಿನದಿಂದ ಏಕೆ ಬಾಯಿ ಬಿಡುತ್ತಿಲ್ಲ? ಎರಡು ವರ್ಷ ತನ್ನ ಸಂಜೆ ಪಾಳಿ ಹೊತ್ತು, ಓದು ಪುಟ್ಟಿ, ಓದು ಎಂದವನ ಮೇಲೆ ಅವಳಿಗೆ ಅನುಮಾನ ಬಂದದ್ದು ಅದೇ ಮೊದಲು. ಅದು ಬಂದ ಕ್ಷಣ ತನ್ನ ಮೇಲೇ ಹೇಸಿಗೆಯಾಯಿತು.

ಮೇಷ್ಟ್ರು ಮೇಜಿನ ಡ್ರಾಯರ್ ಎಳೆದರು. ಬಿಳಿಯ ರಬ್ಬರೊಂದನ್ನು ತೆಗೆದು ಪುಸ್ತಕದ ಪಕ್ಕ ಇಟ್ಟರು.

"ಪೆನ್ಸಿಲ್ ತಾನೆ," ಎಂದರು.

ಅವಳು ಅವರ ಮುಖ ನೋಡಿದಳು.

"ಅವರು ಇದನ್ನ ನೋಡಿದ್ರೆ ನನ್ನ ಕೆಲಸ ಹೋಗತ್ತೆ. ಹೋಗಲಿ ಬಿಡಿ. ನಿಮ್ಮ ಭಾವನ ಗತಿ ಏನಾಗತ್ತೆ ಅಂತ ನೀವೇ ಯೋಚನೆ ಮಾಡಿ." ದನಿ ತಗ್ಗಿತು. "ನಾನಂತೂ ಕೈ ಹಾಕಲ್ಲಮ್ಮ. ಪುಟ ನಿಮ್ಮದು."

ಗೌಪ್ಯ ದಾಖಲೆ ಅರ್ಧ ಗಂಟೆಯಲ್ಲಿ ಮತ್ತೆ ಅವಳದಾಗಿತ್ತು.

ಸಾಕ್ಷಿಯನ್ನು ಮುಟ್ಟಬಾರದು. ಎರಡು ವರ್ಷ ಇದೇ ಕಟ್ಟಡದಲ್ಲಿ ಕಲಿತ ಪಾಠ. ಅನಾಹುತವಾದ ಜಾಗದಲ್ಲಿ ಒಂದು ಮೊಳೆಯನ್ನೂ ಕದಲಿಸಬೇಡಿ, ನಿಮಗೆ ಅರ್ಥವಾಗದ್ದನ್ನು ಮೊದಲು ಕದಲಿಸಬೇಡಿ. ಅದರ ಮೇಲೆ ಬಂದ ಪ್ರಶ್ನೆಗೂ ಅವಳಿಗೆ ಪೂರ್ತಿ ಅಂಕ. ಅದೆಲ್ಲ ನೆನಪಿತ್ತು. ಒಂದೇ ತೋಳಿನ ಮೇಲೆ ಹೋಗಿ ಬರುತ್ತಿದ್ದ ಇಸ್ತ್ರಿಪೆಟ್ಟಿಗೆಯೂ ನೆನಪಿತ್ತು.

ಮೆಟ್ಟಿಲ ಮೇಲೆ ಯಾರೋ ಸೀನಿದರು.

ನೀರಕ್ಕ ರಬ್ಬರ್ ಎತ್ತಿಕೊಂಡಳು. ಕೈಗೆ ಹತ್ತಿರವಿದ್ದದ್ದು ಕೆಳಗಿನ ಸಾಲು, ಅಲ್ಲಿಂದಲೇ ಉಜ್ಜತೊಡಗಿದಳು. ಆ ಎರಡು ಅಕ್ಷರ, ಗಂಟೆ, ತಾರೀಖು, ಹನ್ನೆರಡು ನಿಮಿಷ, ಆಸ್ಪತ್ರೆ. ಭಾವ ಒತ್ತಿ ಬರೆಯುವವನು. ಅಕ್ಷರ ಹೋದರೂ ಗುರುತು ಹೋಗುತ್ತಿರಲಿಲ್ಲ. ಹಾಳೆ ನವಿರೆದ್ದು ತೆಳ್ಳಗಾಗುವ ತನಕ ಉಜ್ಜಿದಳು. ಕಣ್ಣು ಮಂಜಾಗಿತ್ತು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದು, ಬೀರುವಿಗೆ ಒರಗಿ, ಕೈ ಕಟ್ಟಿ ನಿಂತಿದ್ದರು.

ಬಾಗಿಲು ತಟ್ಟಿದಾಗ ಪುಟ ಮಗುಚಿ, ಪುಸ್ತಕ ಮುಚ್ಚಿ, ಎದ್ದು ನಿಂತಳು.

ನೆಗಡಿ ಸಾಹೇಬರು ಒಬ್ಬರೇ ಬಂದರು. ಆದೇಶದ ಹಾಳೆಯನ್ನು ಮೇಷ್ಟ್ರ ಕೈಗಿತ್ತರು, ಪುಸ್ತಕ ತೆಗೆದುಕೊಂಡರು. ಐವತ್ತೊಂದನೇ ಪುಟ ಎಂದು ನೀರಕ್ಕನೇ ಹೇಳಿದಳು. ಅವರು ನಿಂತಲ್ಲೇ ಬಿಡಿಸಿ ಓದಿದರು. ಮೇಲಿನ ಸಾಲಿನ ಕೆಳಗೆ ಬೆರಳು ಆಡಿಸಿ ಎರಡನೇ ಸಲ ಓದಿದರು.

"ಇದೆಯಲ್ಲಮ್ಮ," ಎಂದರು. ಆ ದನಿಯಲ್ಲಿ ಮೊದಲ ಬಾರಿ ಮನುಷ್ಯನ ಬಿಸುಪು ಇತ್ತು. "ಹತ್ತಿ ಹಿಂದೆ ಅಂತ ಚೊಕ್ಕವಾಗಿ ಬರೆದಿದೀರಿ. ನಾಳೆಗೆ ಇಷ್ಟಿದ್ರೆ ನಡೆಯುತ್ತೆ."

ನೀರಕ್ಕನಿಗೆ ಅಳು ಉಕ್ಕಿ ಬಂತು. ಮಾಡಿದ್ದು ತಪ್ಪೇ ಇರಲಿ, ಅಂಗಿಗೆ ಇಸ್ತ್ರಿ ಹಾಕಿದ್ದು ದಂಡವಾಗುವುದಿಲ್ಲ.

ಸಾಹೇಬರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಇನ್ನೊಂದು ಸಂಗತಿ ಇದೆ ಎಂದರು. ಅವಳ ಭಾವ ಮಧ್ಯಾಹ್ನ ಬಾಯಿ ಬಿಟ್ಟಿದ್ದಾನೆ. ನಾದಿನಿ ತನ್ನ ಪುಸ್ತಕ ಹುಡುಕಿ ಹೊರಟಿದ್ದಾಳೆ ಎಂದು ತಿಳಿದ ಕೂಡಲೇ ಒಂದು ಲೋಟ ಚಹಾ ಕೇಳಿದನಂತೆ, ಕುಡಿದನಂತೆ, ಆಮೇಲೆ ಮಾತಾಡಿದನಂತೆ. ಅವರು ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಬರೆದುಕೊಂಡಿದ್ದನ್ನು ಹಾಗೇ ಓದಿದರು.

"'ನಾನು ಹೆಸರು ಹೇಳಿದ್ರೆ ಯಾರೂ ನಂಬಲ್ಲ, ಅವರು ಅಂಥ ಜಾಗದಲ್ಲಿದಾರೆ. ಮೂರು ವಾರದ ಹಿಂದೆ ಪುಸ್ತಕ ಮುಂದಿಟ್ಟು, ಇದರಲ್ಲಿ ತಪ್ಪಿದೆಯಾ ನೋಡಿ ಅಂತ ಕೇಳಿದ್ರು. ಪಾಪ, ಹುಡುಗಿ ಬರೆದಿದ್ದು ಸರಿ ಇರಲಿ ಅಂತ ಅಂಚಲ್ಲಿ ಪೆನ್ಸಿಲಲ್ಲಿ ತಿದ್ದಿದೀನಿ. ದಿನಚರಿಯಲ್ಲಿ ಬರೆಯೋ ಹಾಗೇ ಬರೆದಿದೀನಿ. ಬೇರೆಯವರು ಹೇಳಿ ಬರೆಸಿದ್ದಾದ್ರೆ ಗಂಟೆ ಕೆಳಗೆ ನಮ್ಮ ಸಹಿ ಹಾಕಲ್ಲ, ಹೇಳಿದವರ ಹೆಸರಿನ ಎರಡಕ್ಷರ ಹಾಕ್ತೀವಿ. ಅದನ್ನ ನೋಡಿ. ಆ ಎರಡಕ್ಷರ ಹೆಸರು ಹೇಳಿದ ಮೇಲೆ ಉಳಿದಿದ್ದೆಲ್ಲ ನಾನೇ ಹೇಳ್ತೀನಿ.'"

ನೀರಕ್ಕನಿಗೂ ಗೊತ್ತಿದ್ದ ಪದ್ಧತಿ. ಅವಳೇ ಎಷ್ಟೋ ಸಲ ಹಾಕಿದ್ದಳು.

ಎರಡು ಅಕ್ಷರ. ಮೊದಲನೆಯದು ದುಂಡಗಿತ್ತೇ? ಕೊಂಬು ಇತ್ತೇ? ಕಣ್ಣು ಮುಚ್ಚಿದಳು. ಬಿಳಿಯ ರಬ್ಬರ್ ಹೋಗಿ ಬರುವುದಷ್ಟೇ ಕಂಡಿತು.

ಸಾಹೇಬರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನ ಅಂಗೈಯಗಲ ಜಾಗದಲ್ಲಿ ಬೆಳಕು ಹಾಯುತ್ತಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ಕೆಳಗಿಟ್ಟು, ಮೇಜಿನ ಮೇಲೆ ಚೆಲ್ಲಿದ್ದ ರಬ್ಬರಿನ ಬೂದು ಪುಡಿಗೆ ಬೆರಳ ತುದಿ ಒತ್ತಿ ಎತ್ತಿದರು. ಪುಡಿ ಇನ್ನೂ ಬೆಚ್ಚಗಿತ್ತೇನೋ.

"ಯಾರು ಅಳಿಸಿದ್ದು ಇದನ್ನ?" ಎಂದರು.

ನೀರಕ್ಕನ ತುಟಿ ಅಲುಗಿತು. ಅವಳ ಮಾತು ಹೊರಡುವ ಮುಂಚೆ ಬೀರುವಿನ ಕಡೆಯಿಂದ ಮೇಷ್ಟ್ರ ದನಿ ಬಂತು. ತರಗತಿಯಲ್ಲಿ ಪಾಠ ಹೇಳುವಾಗಿನಷ್ಟೇ ನಿಧಾನ, ಅಷ್ಟೇ ನೋವು ತುಂಬಿದ ದನಿ.

"ನಾನು ಬೇಡಮ್ಮ ಅಂದೆ ಸಾರ್. ಸಾಕ್ಷಿ ಅದು, ಮುಟ್ಟಬೇಡಿ ಅಂದೆ. ಕೇಳಲಿಲ್ಲ."